ಪಳ್ಳಿಕರಣೈ ಮೃತ್ತಿಕೆ

ನೆಂಟರ ಬಾಯಿಗೆ ಮಣ್ಣು ಹಾಕಿದವರು ಲೋಕದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಆ ಮಣ್ಣನ್ನು ತೀರ್ಥದಲ್ಲಿ ಕದಡಿಸಿ, ಕಣ್ಣಿಗೊತ್ತಿಸಿ, ಕುಡಿಸಿ, ಕೊನೆಗೆ ಕುಡಿದವರ ಬಾಯಿಂದಲೇ "ನಿನ್ನಿಂದ ಮಹದುಪಕಾರವಾಯಿತಪ್ಪಾ" ಅನ್ನಿಸಿಕೊಂಡವರು ವೆಸ್ಟ್ ಮಾಂಬಲಂನ ಹರಿದಾಸರು ಒಬ್ಬರೇ.

ಹರಿದಾಸರ ಮನೆತನ ಮದರಾಸಿಗೆ ಬಂದು ತಲೆಮಾರುಗಳೇ ಆಗಿದ್ದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಇನ್ಶೂರೆನ್ಸ್ ಆಫೀಸಿನಲ್ಲಿ ಇಂಗ್ಲಿಷ್. ಗೊಂದಲ ಮಾತ್ರ ಮೂರು ಕಡೆಯೂ ಒಂದೇ ಭಾಷೆಯದು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವುದು ಸಾಮಾನ್ಯರ ಮರೆವು. ಹರಿದಾಸರು ಹೆಂಡತಿಯ ಕನ್ನಡಕ ಹಾಕಿಕೊಂಡು, 'ಲೋಕ ಯಾಕೋ ಮಂಜಾಗಿದೆ' ಎಂದು ಡಾಕ್ಟರ ಹತ್ತಿರ ಹೋಗಿ, ಹೊಸದನ್ನು ಬರೆಸಿಕೊಂಡು ಬಂದವರು. ಇದು ಸಾಲದು ಎಂಬಂತೆ ಅವರಿಗೊಂದು ದಾಕ್ಷಿಣ್ಯದ ಕಾಯಿಲೆ. ಯಾರಿಗೆ ಏನು ಕೊಟ್ಟರೂ "ಮೊದಲು ನಿಮಗೇ" ಅನ್ನಲೇಬೇಕು. ಮಗಳ ನಾಮಕರಣದ ಪತ್ರಿಕೆ ಹಂಚಿದಾಗ ಊರೆಲ್ಲ ಮೊದಲ ಪತ್ರಿಕೆ ಪಡೆದವರೇ. ಎರಡನೆಯದನ್ನು ಪಡೆದವರು ಇವತ್ತಿಗೂ ಪತ್ತೆಯಿಲ್ಲ.

ಆ ಮಗಳೇ ತೃಪ್ತಿ. ಹೆಸರಿಗೆ ತೃಪ್ತಿ, ಕಂಡದ್ದನ್ನೆಲ್ಲ ಬುಡ ಅಗೆದು ನೋಡುವ ತನಕ ಅದು ಅವಳಿಗಿಲ್ಲ. ಬಿ.ಕಾಂ. ಮುಗಿಸಿ ಅಪ್ಪನ ಹಾಗೆ ಫ್ಯಾನಿನ ಕೆಳಗೆ ಕೂರುವುದನ್ನು ಬಿಟ್ಟು, ಯೂನಿವರ್ಸಿಟಿಯಲ್ಲಿ ಭೂಗೋಳ ಮತ್ತು ಪರಿಸರ ಅಧ್ಯಯನಕ್ಕೆ ಸೇರಿದ್ದಳು. "ಭೂಗೋಳದಲ್ಲಿ ಭೂಮಿ ಯಾರದೋ, ಗೋಳು ಮಾತ್ರ ನಮ್ದು" ಎಂದು ಹರಿದಾಸರು ಬಂದವರಿಗೆಲ್ಲ ಹೇಳುತ್ತಿದ್ದರು. ಈ ಸಲವಂತೂ ಕ್ಲಾಸ್‌ರೂಮೇ ಇಲ್ಲದ ಫೀಲ್ಡ್ ಕೋರ್ಸ್. ಮೊಣಕಾಲುದ್ದದ ಬೂಟು, ತಲೆಗೊಂದು ಟೋಪಿ, ಹೆಗಲ ಮೇಲೆ ಕಾರ್ಕು ತೆಗೆಯುವ ತಿರುಪಿನ ದೊಡ್ಡಣ್ಣನಂಥ ಒಂದು ಕಬ್ಬಿಣದ ಭೈರಿಗೆ. ಊರಿನ ದಕ್ಷಿಣದಂಚಿನ ಪಳ್ಳಿಕರಣೈ ಜೌಗಿಗೆ ಹೋಗಿ ಅದನ್ನು ಕೈಯಿಂದಲೇ ನೆಲಕ್ಕೆ ತಿರುಪಿ, ಆಳದ ಮಣ್ಣನ್ನು ಪದರ ಪದರವಾಗಿ ಮೇಲೆತ್ತಬೇಕು. ನೆರಳಲ್ಲಿ ಒಣಗಿಸಬೇಕು. ಕೊನೆಯ ದಿನ ಪ್ರೊಫೆಸರ ಮುಂದೆ, ನೆಲದಲ್ಲಿ ಯಾವುದರ ಕೆಳಗೆ ಯಾವುದಿತ್ತೋ ಅದೇ ಕ್ರಮದಲ್ಲಿ ಜೋಡಿಸಿ ವಿವರಿಸಬೇಕು. ಅದೇ ಪರೀಕ್ಷೆ.

"ಮಣ್ಣು ಹೊರೋಕೆ ಫೀಸು ಬೇರೆ ಕಟ್ಟಬೇಕಾ?" ಎಂದರು ಹರಿದಾಸರು. "ಜೆಸಿಬಿಯವನನ್ನ ಕೇಳು, ಸಂಬಳ ಕೊಟ್ಟು ಕಲಿಸ್ತಾನೆ."

"ಅಪ್ಪಾ, ಉಂಗಳುಕ್ಕು ಪುರಿಯಾದು," ಎಂದಳು ತೃಪ್ತಿ. 'ನಿಮಗೆ ಅರ್ಥವಾಗೋಲ್ಲ' ಅನ್ನುವುದನ್ನು ಮಕ್ಕಳು ಯಾವ ಭಾಷೆಯಲ್ಲಿ ಹೇಳಿದರೂ ಅಪ್ಪಂದಿರಿಗೆ ಅರ್ಥವಾಗುತ್ತದೆ.

ಮಗಳು ಜೌಗಿಗೆ ಹೋದ ವಾರವೇ ಹರಿದಾಸರು ಹೆಂಡತಿ ನೀರಜಾಳೊಂದಿಗೆ ಮಂತ್ರಾಲಯಕ್ಕೆ ಹೊರಟರು. ಹೊರಡುವಾಗ ನಾಲ್ಕು ಕಡೆ ಮಾತು ಕೊಟ್ಟಿದ್ದರು: ರಾಯರ ಬೃಂದಾವನದ ಮೃತ್ತಿಕೆ ತರುತ್ತೇನೆ, ಮೊದಲು ನಿಮಗೇ. ಮೃತ್ತಿಕೆ ಅಂದರೆ ಬರೀ ಮಣ್ಣಲ್ಲ. ಚಿಟಿಕೆಯಷ್ಟನ್ನು ತೀರ್ಥದಲ್ಲಿ ಕದಡಿ ಸೇವಿಸಿದರೆ ಕಾಯಿಲೆ ಕಸಾಲೆ, ಕೋರ್ಟು ಕಚೇರಿ ಎಲ್ಲ ದೂರವಾಗುತ್ತವೆಂದು ಆ ಮನೆಗಳಲ್ಲಿ ಅಜ್ಜಂದಿರ ಕಾಲದಿಂದ ನಂಬಿಕೆ. ಹರಿದಾಸರು ಅದನ್ನು ಭಕ್ತಿಯಿಂದ ಪಡೆದು, ಶಲ್ಯದ ಚುಂಗಿಗೆ ಗಂಟು ಹಾಕಿಕೊಂಡರು. ಗಂಟು ಹಾಕಿದೆನೆಂಬುದನ್ನೇ ಆ ಕ್ಷಣ ಮರೆತರು.

ಇತ್ತ ತೃಪ್ತಿ ಒಣಗಿದ ತನ್ನ ನಾಲ್ಕು ಪದರಗಳನ್ನು ನಾಲ್ಕು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಯಾವುದು ಎಷ್ಟು ಆಳದ್ದು ಎಂದು ಪೊಟ್ಟಣದ ಮೇಲೇ ಪೆನ್ಸಿಲಿನಲ್ಲಿ ಬರೆದು, ಒಂದು ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಿದಳು. ಹಬ್ಬದ ರಜಕ್ಕೆ ಲ್ಯಾಬಿಗೆ ಬೀಗ. ಅವಳೋ ಕೋರ್ಸಿನ ಮುಂದಿನ ಭಾಗಕ್ಕೆ ಕಾಸಿಮೇಡಿನ ಬಂದರಿಗೆ, ಮೀನು ಹರಾಜು ಅಧ್ಯಯನಕ್ಕೆ ಹೊರಡಬೇಕು. ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಯಾವುದು? ಯೋಚಿಸುವುದೇನಿದೆ, ದೇವರ ಮನೆಯ ಪಕ್ಕದ ಮಡಿ ಅಲಮಾರಿ. ಅದನ್ನು ಮಡಿಯುಟ್ಟವರ ಹೊರತು ಬೆಕ್ಕೂ ಮುಟ್ಟುವುದಿಲ್ಲ. ಡಬ್ಬಿ ಅಲ್ಲಿಟ್ಟು, ಯಾರಿಗೂ ಹೇಳುವ ಅಗತ್ಯವೇ ಇಲ್ಲವೆಂದುಕೊಂಡು ಹೋದಳು. ಬುದ್ಧಿವಂತರು ಕೆಡುವುದು ಹೀಗೆಯೇ.

ಮಂತ್ರಾಲಯದಿಂದ ಮರಳಿ ಕಾಫಿ ಕುಡಿಯುವ ಮೊದಲೇ ಫೋನು. ಅಣ್ಣಾ ನಗರದ ದೊಡ್ಡಪ್ಪ ಸತ್ಯಾತ್ಮ. ಎಂಬತ್ತರ ಹತ್ತಿರದ ಈ ಹಿರಿಯರು ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಸೆಂಟ್ರಲ್ ಸ್ಟೇಷನ್ನಿನ ಧ್ವನಿವರ್ಧಕದ ಹಾಗೆ ಘೋಷಿಸುತ್ತಿದ್ದರು.

"ಹರೀ... ಅಣ್ಣಾ ನಗರದಿಂದ... ಸತ್ಯಾತ್ಮ ಮಾತಾಡ್ತಿದೀನಿ... ಮೃತ್ತಿಕೆ... ಬಂದಿದೆಯೋ... ತಡವಾಗಿ ಬರ್ತಾ ಇದೆಯೋ..."

"ಬಂತು ದೊಡ್ಡಪ್ಪ! ಮೊದಲು ನಿಮಗೇ!" ಎಂದು ಫೋನಿಟ್ಟು ಹರಿದಾಸರು ಚೀಲ ತೆಗೆದರು. ಚೀಲದಲ್ಲಿ ಮೃತ್ತಿಕೆಯಿಲ್ಲ. ಚೀಲ ತಿರುವಿ ಹಾಕಿದರು. ಪರಿಮಳ ಪ್ರಸಾದ ಉಂಟು, ಹಲ್ಲುಜ್ಜುವ ಬ್ರಷ್ಷು ಉಂಟು, ಪಕ್ಕದ ಬರ್ತಿನವರ ಹಲ್ಲುಜ್ಜುವ ಬ್ರಷ್ಷೂ ಉಂಟು. ಮೃತ್ತಿಕೆ ಮಾತ್ರ ಇಲ್ಲ. ಬೆವರುತ್ತ, ಸ್ನಾನ ಮಾಡಿ, ಮಡಿಯುಟ್ಟು, ರಾಯರನ್ನೇ ಕೇಳೋಣವೆಂದು ದೇವರ ಮನೆಗೆ ಬಂದವರು ಅಲಮಾರಿ ತೆರೆದರೆ ಡಬ್ಬಿ! ಡಬ್ಬಿಯಲ್ಲಿ ಮಣ್ಣು! ಅದೂ ಅಚ್ಚುಕಟ್ಟಾಗಿ ನಾಲ್ಕು ಪೊಟ್ಟಣ. ಕೊಡಬೇಕಾದ ಮನೆಗಳೂ ನಾಲ್ಕೇ.

ಇನ್ನೊಬ್ಬರಾದರೆ ಸಂಶಯ ಪಡುತ್ತಿದ್ದರು. ಹರಿದಾಸರು ತಮ್ಮ ಬಗ್ಗೆ ತಾವೇ ಬೆರಗಾದರು. "ನೋಡು, ಯಾವಾಗ ಇಟ್ಟೆ ಅನ್ನೋದೂ ನೆನಪಿಲ್ಲದ ಹಾಗೆ ಎಷ್ಟು ಜೋಪಾನವಾಗಿ ಇಟ್ಟಿದೀನಿ!"

ನೀರಜಾ ಬಟ್ಟೆಯ ರಾಶಿಯೊಂದಿಗೆ ಹಾದುಹೋಗುತ್ತ ಇಣುಕಿದಳು. "ಇಷ್ಟೊಂದು ಯಾವಾಗ ತಂದ್ರಿ? ಬಣ್ಣ ಯಾಕೋ ಬೂದಿ ಹಾಗಿದೆ."

"ಈ ವರ್ಷ ತುಂಗಭದ್ರೇಲಿ ಪ್ರವಾಹ ಅಲ್ವಾ," ಎಂದರು ಹರಿದಾಸರು. ಗೊತ್ತಿಲ್ಲದ್ದಕ್ಕೆ ಕಾರಣ ಹೇಳುವುದರಲ್ಲಿ ಅವರಿಗೆ ಎಂದೂ ಮರೆವಿರಲಿಲ್ಲ. ಪೆನ್ಸಿಲಿನ ಗೀಚು ಬಿದ್ದ ಕಾಗದ ಪ್ರಸಾದಕ್ಕೆ ಶೋಭೆಯಲ್ಲವೆಂದು ಅದನ್ನು ಬಿಸಾಡಿ, ಹೊಸ ಬಿಳಿ ಹಾಳೆಯಲ್ಲಿ ಕಟ್ಟಿ, ಅರಿಸಿನದ ದಾರ ಸುತ್ತಿದರು. ಮೇಲಿನ ಪೊಟ್ಟಣದಿಂದ ಒಂದು ಚಿಟಿಕೆ ತಾವೂ ತೀರ್ಥದಲ್ಲಿ ತೆಗೆದುಕೊಂಡರು. ಮೊದಲು ನನಗೇ.

ಅಣ್ಣಾ ನಗರಕ್ಕೆಂದು ಹೊರಟವರು ಬೇರೆ ಬಸ್ಸು ಹತ್ತಿದರು, ಇಳಿದಲ್ಲಿ ಯಾರು ಹತ್ತಿರವೋ ಅವರ ಮನೆಗೆ ಮೊದಲು ಹೋದರು, ಒಬ್ಬರ ಮನೆಯ ಮೆಟ್ಟಿಲು ಹತ್ತಿ ಇನ್ನೊಬ್ಬರ ಮನೆಗೆಂದು ಮತ್ತೆ ಇಳಿದರು. ಅಂತೂ ಸಂಜೆಗೆ ನಾಲ್ಕೂ ಪೊಟ್ಟಣ ಸಂದವು. ಒಂದು ಸತ್ಯಾತ್ಮರಿಗೆ. ಒಂದು ಅಕ್ಕನ ಗಂಡ ಸುಜಯೀಂದ್ರ ಭಾವನಿಗೆ. ಮನೆಯ ಅಳಿಯ ಅನ್ನುವ ಸ್ಥಾನದ ಮೇಲೆ ಮೂವತ್ತು ವರ್ಷದಿಂದ ಕಾಲು ಚಾಚಿ ಕೂತವರು, ಸಕ್ಕರೆ ಕಾಯಿಲೆಯವರು. ಒಂದು ಆಫೀಸಿನ ಮ್ಯಾನೇಜರ್ ಅಜಿತ್‌ಗೆ. ಆತನಿಗೆ ಆಡಿಟ್ ಭಯ. ಕೊನೆಯದು ಮೇಲ್ಮನೆಯ ಸಾಕಮ್ಮನಿಗೆ. ಮದ್ದೂರಿನ ಕಡೆಯಿಂದ ಮಗ ಪದ್ಮನಾಭನ ಕೆಲಸದ ಹಿಂದೆ ಹೊಸದಾಗಿ ಬಂದ ಅಜ್ಜಿ. ಮೊಮ್ಮಗಳು ತೇಜು ಸ್ಕೂಲಿಗೆ ಸೇರಿದ ಮೇಲೆ ಏನು ಕೇಳಿದರೂ ತಮಿಳಲ್ಲೇ ಉತ್ತರ ಕೊಡುತ್ತಾಳೆಂಬುದು ಆಕೆಯ ಕೊರಗು.

ನಾಲ್ವರಿಗೂ ಹರಿದಾಸರು ಕೈಮುಗಿದು ಹೇಳಿದ್ದು ಒಂದೇ: "ಮೊದಲು ನಿಮಗೇ ತಂದೆ."

ಆಮೇಲೆ ಶುರುವಾಯಿತು ಪವಾಡ.

"ಹರೀ..." ಘೋಷಿಸಿದರು ಸತ್ಯಾತ್ಮ. "ಮೇಲಿನ ಫ್ಲ್ಯಾಟಿನವನು... ಗೋಡೆ ಕೊರೆಯೋದು... ನಿಲ್ಲಿಸಿದ್ದಾನೆ! ಆರು ತಿಂಗಳ ಕೊರೆತ ಕಣೋ... ಒಂದೇ ಚಿಟಿಕೆ! ಏನು ಪರಿಮಳ! ಸಾಕ್ಷಾತ್ ನದೀತೀರದಲ್ಲಿ ಕೂತ ಹಾಗೆ!"

ಸುಜಯೀಂದ್ರ ಭಾವ ಜೀವಮಾನವಿಡೀ ವಾಟ್ಸಾಪಿನಲ್ಲಿ ಓದಿದ್ದರಿಂದ ಹಾಗೆಯೇ ಮಾತಾಡುತ್ತಿದ್ದರು. "ಶಾಕಿಂಗ್ ನ್ಯೂಸ್ ಹರಿ! ಡಾಕ್ಟರ್‌ಗಳೇ ಬೆಚ್ಚಿಬಿದ್ದರು! ಶುಗರ್ ಇಳಿದುಬಿಡ್ತು! ಇದನ್ನ ಹತ್ತು ಜನಕ್ಕೆ ಹೇಳು!"

ಅಜಿತ್ ಪೊಟ್ಟಣವನ್ನು ತನ್ನ ಕ್ಯಾಬಿನ್ನಿನಲ್ಲಿ ಕಂಪ್ಯೂಟರಿನ ಮೇಲೆ ಪ್ರತಿಷ್ಠಾಪಿಸಿ, ಬಿಸ್ಲೇರಿ ನೀರಿನಲ್ಲಿ ಸೇವಿಸಿದ್ದ. ಆಡಿಟ್ಟು ಮುಂದಕ್ಕೆ ಹೋಯಿತು. "ರೊಂಬ ಪವರ್ ಸಾರ್! ಹೆಡ್ ಆಫೀಸೇ ಅಲುಗಾಡಿತು ಸಾರ್!" ಹರಿದಾಸರಿಗೆ ಅಂದಿನಿಂದ ಲೇಟಾಗಿ ಬಂದರೂ ಕುರ್ಚಿ ಎಳೆದು ಕೊಡುತ್ತಿದ್ದ.

ಆದರೆ ಎಲ್ಲಕ್ಕಿಂತ ದೊಡ್ಡದು ಮೇಲ್ಮನೆಯದು. ಸಾಕಮ್ಮ ಮೆಟ್ಟಿಲಿಳಿದು ಓಡಿಬಂದಳು, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ.

"ಸ್ವಾಮೀ, ನಿಮ್ ಮಣ್ಣಿನ ಮಹಿಮೆ ಏನೇಳಾನ! ನಮ್ ತೇಜು ಬಾಯಿಗೆ ಒಂಚೂರು ಮಡಗ್ದೆ ಕನಪ್ಪ. ಮಡಗಿದ್ದೇ ತಡ, ಕನ್ನಡ ಬಂದ್ಬುಡ್ತು! ಚೆನ್ನೈಗೆ ಬಂದ್ಮ್ಯಾಲೆ ಮೊದಲ್ನೇ ಕಿತ ಪೂರ್ತಿ ಕನ್ನಡ ಮಾತು!"

"ಏನಂದಳು ಮಗು?"

"'ಅಜ್ಜೀ, ನಂಗೆ ಮಣ್ಣು ಬ್ಯಾಡ, ಥೂ!' ಅಂತು. ಬಂಗಾರ!"

ವಾರದಲ್ಲಿ ಬೀದಿಯವರು ಹರಿದಾಸರನ್ನು ನೋಡಿದರೆ ಚಪ್ಪಲಿ ಬಿಡತೊಡಗಿದರು. ತರಕಾರಿಯವಳು ಕೊತ್ತಂಬರಿ ಕಟ್ಟಿಗೆ ಕರಿಬೇವು ಸೇರಿಸಿ, "ಸಾಮೀ, ನಮ್ಮ ವೀಟ್ಟುಕ್ಕುಂ ಕೊಂಚಂ" ಎಂದಳು, ನಮ್ಮನೆಗೂ ಸ್ವಲ್ಪ. ಹರಿದಾಸರ ಮೊಣಕಾಲು ನೋವೂ ಕಡಿಮೆಯಾಗಿತ್ತು. ಅಥವಾ ಎಲ್ಲರೂ ಕುರ್ಚಿ ಕೊಡುತ್ತಿದ್ದುದರಿಂದ ಕಾಲಿಗೆ ಕೆಲಸ ಕಡಿಮೆಯಾಗಿತ್ತು. ಅವರ ನಡಿಗೆಯಲ್ಲೊಂದು ಗಾಂಭೀರ್ಯ ಬಂತು. ಮಾತಿನ ನಡುವೆ ಕಣ್ಣು ಮುಚ್ಚುವುದನ್ನೂ ಅಭ್ಯಾಸ ಮಾಡಿಕೊಂಡರು.

ಆ ಕಣ್ಣು ತೆರೆಯಿಸಿದವಳು ತೃಪ್ತಿ. ಶುಕ್ರವಾರ ಬೆಳಿಗ್ಗೆ ಮೈಯೆಲ್ಲ ಮೀನಿನ ವಾಸನೆ ಹೊತ್ತು ಬಂದವಳು, ಅಮ್ಮನ ಅಪ್ಪಣೆಯಂತೆ ಸ್ನಾನ ಮಾಡಿ ಅಲಮಾರಿ ತೆರೆದಳು. ಡಬ್ಬಿ ಖಾಲಿ.

"ಅಮ್ಮಾ! ಎನ್ ಸ್ಯಾಂಪಲ್ ಎಂಗೇ? ನನ್ನ ಮಣ್ಣು ಎಲ್ಲಿ?"

"ಯಾವ ಮಣ್ಣೇ? ಅದು ಮೃತ್ತಿಕೆ, ಅಪ್ಪ ಎಲ್ಲರಿಗೂ ಹಂಚಿ..." ಎನ್ನುತ್ತಿದ್ದ ನೀರಜಾ ಅಲ್ಲೇ ನಿಂತಳು. ಅವಳಿಗೆ ಒಂದು ನೆನಪಾಯಿತು. "ರೀ, ಮಂತ್ರಾಲಯದಿಂದ ಬಂದ ದಿವಸ ನಿಮ್ಮ ಶಲ್ಯದ ಚುಂಗಲ್ಲಿ ಮಣ್ಣೋ ಮಣ್ಣು. ರೈಲಲ್ಲಿ ಎಲ್ಲಿ ಉರುಳಾಡಿದ್ರೋ ಅಂತ ಬೈಕೊಂಡು ಮಿಷನ್ನಿಗೆ ಹಾಕಿದೆ."

ವಾಷಿಂಗ್ ಮಿಷನ್ನಿನ ಕೊಳವೆಯ ಕಡೆಗೆ ಮೂವರೂ ತಿರುಗಿ ನೋಡಿದರು. ಮಂತ್ರಾಲಯದ ಮೃತ್ತಿಕೆ ಆಗಲೇ ಮಾಂಬಲಂ ಕಾಲುವೆ ಹಿಡಿದು, ಅಡ್ಯಾರು ನದಿ ಸೇರಿ, ಬಂಗಾಳ ಕೊಲ್ಲಿಯನ್ನು ಪಾವನಗೊಳಿಸಿತ್ತು. ಪಳ್ಳಿಕರಣೈ ಮಣ್ಣು ಅಣ್ಣಾ ನಗರದ ಬೆಳ್ಳಿ ಭರಣಿಯಲ್ಲಿ ಕೂತಿತ್ತು.

ತೃಪ್ತಿ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಅತ್ತಿದ್ದರೆ ಹರಿದಾಸರಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ನಾಡಿದ್ದು ಭಾನುವಾರ ಪ್ರೆಸೆಂಟೇಷನ್ ಅಪ್ಪಾ. ಜೌಗಲ್ಲಿ ಆಗಲೇ ಮಳೆ ನೀರು ನಿಂತಿದೆ, ಮತ್ತೆ ತೆಗೆಯೋಕಾಗಲ್ಲ. ಸ್ಯಾಂಪಲ್ ಇಲ್ಲ ಅಂದ್ರೆ ಫೇಲ್. ಕೋರ್ಸು ಮುಂದಿನ ವರ್ಷ ಮೊದಲಿಂದ. ಆ ಜೌಗಲ್ಲಿ ಸೊಂಟದ ತನಕ ನಿಂತು, ಜಿಗಣೆ ಕಡಿಸಿಕೊಂಡು, ಈ ಕೈಯಿಂದ ತೆಗೆದೆ ಅಪ್ಪಾ."

ಕೈ ಚಾಚಿ ತೋರಿಸಿದಳು. ಅಂಗೈಯಲ್ಲಿ ಬೊಕ್ಕೆ ಒಡೆದ ಗುರುತು. ಮಗಳ ಕೈಯನ್ನು ಹರಿದಾಸರು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಅದು ಬಿ.ಕಾಂ. ಕೈಯಲ್ಲ.

"ತರ್ತೀನಿ," ಎಂದರು.

"ಕ್ರಮ ಗೊತ್ತಾಗಬೇಕು. ನೀವು ಡಬ್ಬಿಯ ಮೇಲಿಂದ ಒಂದೊಂದೇ ತಾನೇ ತೆಗೆದಿರೋದು? ಯಾರಿಗೆ ಮೊದಲು ಕೊಟ್ರಿ?"

ಹರಿದಾಸರು ಬಹಳ ಹೊತ್ತು ಯೋಚಿಸಿದರು. "ಎಲ್ಲರಿಗೂ."

ಕೊಟ್ಟ ಪ್ರಸಾದವನ್ನು ಹಿಂದಕ್ಕೆ ಕೇಳಿದವನಿಗೆ ಯಾವ ನರಕವೆಂದು ಯಾರೂ ಬರೆದಿಟ್ಟಿಲ್ಲ, ಕಾರಣ ಆ ತನಕ ಯಾರೂ ಕೇಳಿರಲಿಲ್ಲ. ಹರಿದಾಸರು ಫೋನೆತ್ತಿದರು, ನಿಜ ಹೇಳಲೆಂದೇ ಬಾಯಿ ತೆರೆದರು, ಆದರೆ ಬಾಯಿಗೆ ತನ್ನದೇ ಅಭ್ಯಾಸಗಳಿದ್ದವು. "ದೊಡ್ಡಪ್ಪ, ಭಾನುವಾರ ಯೂನಿವರ್ಸಿಟಿಯಲ್ಲಿ ಮೃತ್ತಿಕೆಗೆ ಮರ್ಯಾದೆ ಇಟ್ಕೊಂಡಿದ್ದಾರೆ. ಪೊಟ್ಟಣ ಸಮೇತ ಬರಬೇಕಂತೆ. ಪ್ರೊಫೆಸರೇ ಬರ್ತಾರೆ. ಮೊದಲು ನಿಮಗೇ ಹೇಳ್ತಿದೀನಿ." ಉಳಿದ ಮೂವರಿಗೂ ಹಾಗೆಯೇ ಹೇಳಿದರು.

ಭಾನುವಾರ ಡಿಪಾರ್ಟ್‌ಮೆಂಟಿನ ಹಿಂದಿನ ಬಾದಾಮಿ ಮರದ ಕೆಳಗೆ ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಹುಡುಗ ಹುಡುಗಿಯರು ತಂತಮ್ಮ ಮಣ್ಣು ಜೋಡಿಸಿಕೊಂಡು ನಿಂತಿದ್ದರು. ಪ್ರೊಫೆಸರ್ ಮಧುರಾ ಬಿಸಿಲಲ್ಲಿ ಸುಟ್ಟ ಮುಖದ, ಗಟ್ಟಿ ಬೂಟಿನ ಹೆಂಗಸು. ಪ್ರತಿ ಮೇಜಿನ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳಿ ಮುಂದಕ್ಕೆ ಹೋಗುತ್ತಿದ್ದರು. ಆಗ ಗೇಟಿನಿಂದ ಒಂದು ಮೆರವಣಿಗೆ ಬಂತು. ಮುಂದೆ ಪಟ್ಟೆ ಪಂಚೆ, ಹನ್ನೆರಡು ನಾಮ, ಕೈಯಲ್ಲಿ ಬೆಳ್ಳಿ ಭರಣಿ ಹಿಡಿದ ಸತ್ಯಾತ್ಮ. ಅವರಿಗೆ ಅಡ್ಡಬಂದು ಮುಂದಾಗಲು ಯತ್ನಿಸುತ್ತಿದ್ದ ಸುಜಯೀಂದ್ರ. ಕೋಟು ಟೈಯ ಅಜಿತ್. ಸೆರಗಿನೊಳಗೆ ಪೊಟ್ಟಣ ಮುಚ್ಚಿಟ್ಟುಕೊಂಡ ಸಾಕಮ್ಮ. ಹಿಂದೆ ಕಾಣಿಸದ ಹಾಗೆ ಹರಿದಾಸರು, ಕಾಣಿಸುವ ಹಾಗೆ ನೀರಜಾ.

"ಸರದಿ ಸರದಿ," ಎಂದರು ಸತ್ಯಾತ್ಮ. "ಮೊದಲ ಪೊಟ್ಟಣ ನನ್ನದು."

"ಫೇಕ್ ನ್ಯೂಸ್!" ಎಂದರು ಸುಜಯೀಂದ್ರ. "ಮನೆ ಅಳಿಯ ನಾನು. ಮೊದಲು ನನಗೇ ಅಂತ ಕೈಮುಗಿದು ಕೊಟ್ಟಿದ್ದಾನೆ."

"ಎಕ್ಸ್‌ಕ್ಯೂಸ್ ಮಿ, ನಂಗೂ ಫಸ್ಟ್ ಅಂದ್ರೇ," ಎಂದ ಅಜಿತ್.

"ಅಯ್ಯೋ, ನಂಗೂ ಅಂಗೇ ಅಂದ್ರು ಬುಡಿ," ಎಂದಳು ಸಾಕಮ್ಮ.

ನಾಲ್ಕು ಮೊದಲುಗಳೂ ಏಕಕಾಲಕ್ಕೆ ತಿರುಗಿ ಹರಿದಾಸರನ್ನು ನೋಡಿದವು. ಹರಿದಾಸರು ಬಾದಾಮಿ ಮರವನ್ನು ನೋಡಿದರು. ಅಷ್ಟರಲ್ಲಿ ಸತ್ಯಾತ್ಮರ ಕಣ್ಣು ಮೇಜಿನ ಮೇಲಿನ ಹಲಗೆಗೆ ಬಿತ್ತು. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ತೃಪ್ತಿ ಹರಿದಾಸ್. ಪಳ್ಳಿಕರಣೈ ಜೌಗು ಮಣ್ಣು." ಈ ಸಲ ಅವರ ದನಿಯಲ್ಲಿ ಘೋಷಣೆಯಿರಲಿಲ್ಲ, ರೈಲೇ ರದ್ದಾಗಿತ್ತು. "ಹರಿ. ನಾವು ದಿನಾ ಕುಡೀತಿರೋದು?"

ನೀರಜಾಳೇ ಮುಂದೆ ಬಂದು ಶಲ್ಯ, ಮಿಷನ್ನು, ಅಲಮಾರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಮಾತು ನಾಲ್ಕು ಕಡೆಯಿಂದ ಬಂತು.

"ಎಂಬತ್ತು ವರ್ಷದ ಆಚಾರ ಕಣೋ! ಹೊರಗೆ ಕಾಫಿ ಕುಡಿದವನಲ್ಲ ನಾನು!"

"ಹಾಗಾದ್ರೆ ನನ್ನ ಶುಗರ್ ಹೇಗೆ ಇಳೀತು?"

"ತೀರ್ಥದ ನೇಮ ಅಂತ ವಾರ ಪೂರ್ತಿ ಮೈಸೂರ್‌ಪಾಕ್ ಬಿಟ್ಟಿದ್ರಲ್ಲ ಭಾವ," ಎಂದಳು ನೀರಜಾ.

"ಆಡಿಟ್ ವಾಪಸ್ ಬರತ್ತಾ ಸಾರ್?" ಎಂದ ಅಜಿತ್ ಗಾಬರಿಯಿಂದ.

ಪ್ರೊಫೆಸರ್ ಮಧುರಾ ಎಲ್ಲವನ್ನೂ ಕೈಕಟ್ಟಿ ನೋಡುತ್ತಿದ್ದರು. ತಮಿಳು ಇಂಗ್ಲಿಷ್ ಬೆರೆಸಿ ಅವರು ಕೇಳಿದ್ದನ್ನು ಕನ್ನಡಕ್ಕಿಳಿಸಿದರೆ ಹೀಗೆ: "ತೃಪ್ತಿ, ಕ್ರಮ ಬರೆದದ್ದು ಎಲ್ಲಿದೆ?"

"ಇಲ್ಲ ಮೇಡಂ. ಹೋಯಿತು."

"ಮತ್ತೆ?"

ತೃಪ್ತಿ ಅಪ್ಪನ ಕಡೆ ಒಮ್ಮೆ ನೋಡಿದಳು. "ಕೈಯಲ್ಲಿ ಓದ್ತೀನಿ ಮೇಡಂ."

"ಓದು. ಕ್ರಮ ಸರಿ ಬಂದರೆ ಪಾಸು. ಇಲ್ಲದಿದ್ದರೆ ಮುಂದಿನ ವರ್ಷ ಭೇಟಿಯಾಗೋಣ."

ಭರಣಿಯನ್ನೂ ಪೊಟ್ಟಣಗಳನ್ನೂ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸುರಿದರು. ಒಣಗಿದ ಮೇಲೆ ಎಲ್ಲ ಒಂದೇ ಬೂದಿ. ಸಾಲದ್ದಕ್ಕೆ ಒಂದರಲ್ಲಿ ಕುಂಕುಮ, ಇನ್ನೊಂದರಲ್ಲಿ ಕರ್ಪೂರ. ನೀರು ಬೇಕಿತ್ತು. ಯಾರ ಬಳಿಯೂ ಇರಲಿಲ್ಲ. ಸತ್ಯಾತ್ಮರು ಮುಖ ಆ ಕಡೆ ತಿರುಗಿಸಿಕೊಂಡೇ ಸೊಂಟದಿಂದ ತೀರ್ಥದ ಪುಟ್ಟ ಬಾಟಲಿ ತೆಗೆದು ಚಾಚಿದರು.

ತೃಪ್ತಿ ಒಂದೊಂದು ಚಿಟಿಕೆಯನ್ನು ಅಂಗೈಯಲ್ಲಿ ನೆನೆಸಿ, ಬೆರಳಲ್ಲಿ ಉಜ್ಜಿ, ಚಕ್ಕುಲಿ ಹಿಟ್ಟಿನ ಹಾಗೆ ಹೊಸೆದು ನೋಡಿದಳು. ಮೂಸಿದಳು. ಆಮೇಲೆ ತಲೆಯೆತ್ತಿದಳು.

"ದೊಡ್ಡ ತಾತಾ, ಕೋಪ ಆಮೇಲೆ ಮಾಡ್ಕೊಳ್ಳಿ. ನಾಲಗೆಗೆ ಹೇಗಿತ್ತು?"

"ಏನು?"

"ನಿಮಗೆ ಗೊತ್ತಿರೋವಷ್ಟು ನನಗೂ ಗೊತ್ತಿಲ್ಲ. ನೀವು ಒಂದು ವಾರ ತಿಂದಿದೀರಿ."

ಪ್ರೊಫೆಸರ ಹುಬ್ಬು ಮೇಲೇರಿತು. "ಹಳೇ ಕಾಲದ ಭೂವಿಜ್ಞಾನಿಗಳು ಮಣ್ಣನ್ನ ಹಲ್ಲಲ್ಲಿ ಕಚ್ಚಿಯೇ ಗುರುತು ಹಿಡೀತಿದ್ರು," ಎಂದರು. "ಇಂಥ ಜಾಗದ್ದನ್ನ ಯಾರೂ ಧೈರ್ಯ ಮಾಡಲ್ಲ. ಹೇಳಿ ಸರ್."

ಪ್ರೊಫೆಸರೊಬ್ಬರು ತಮ್ಮ ನಾಲಗೆಯ ಅಭಿಪ್ರಾಯ ಕೇಳಿದ್ದು ಸತ್ಯಾತ್ಮರಿಗೆ ಅದೇ ಮೊದಲು. ಕೆಮ್ಮಿದರು. ದನಿ ಸ್ವಲ್ಪ ಸ್ಟೇಷನ್ನಿಗೆ ಮರಳಿತು. "ಮೃದು... ಆದರೆ ನಡುವೆ... ಜಗಿದರೂ ಜಗಿಯದ... ಎಳೆಯಂಥದ್ದು. ತುಳಸಿ ನಾರು ಅಂದುಕೊಂಡೆ."

ತೃಪ್ತಿ ಚಿಮಟದಲ್ಲಿ ಆ ರಾಶಿಯಿಂದ ಎಳೆಯೊಂದನ್ನು ಎತ್ತಿದಳು. ನೀಲಿ. ಹಾಲಿನ ಪ್ಯಾಕೆಟ್ಟಿನ ಚೂರು. "ಪ್ಲಾಸ್ಟಿಕ್ಕು. ಎಲ್ಲಕ್ಕಿಂತ ಮೇಲಿನ ಪದರ. ನಮ್ಮ ಕಾಲದ್ದು."

ಸತ್ಯಾತ್ಮರು ಬಾಯಿ ಮೇಲೆ ಶಲ್ಯ ಒತ್ತಿಕೊಂಡರು.

"ನಂದು ನರನರ," ಎಂದರು ಸುಜಯೀಂದ್ರ, ಕರೆಯುವ ಮೊದಲೇ. "ಹಲ್ಲೆಲ್ಲ ಜುಮ್ ಅಂತಿತ್ತು. ಪವರ್ರು ಅಂದುಕೊಂಡೆ."

"ಮರಳು," ಎಂದಳು ತೃಪ್ತಿ. "ಅಜಿತ್ ಅಂಕಲ್?"

"ಜೀರಿಗೆ ಕಷಾಯದಲ್ಲಿ ಕಸ ಬಂದ ಹಾಗೆ. ಸೋಸಿ ಕುಡಿದೆ."

"ಜೊಂಡಿನ ಬೇರು. ಆದರೆ ಬೇರು ಮೇಲೋ, ಮರಳು ಮೇಲೋ?" ಇದು ತನಗೇ ಕೇಳಿಕೊಂಡ ಪ್ರಶ್ನೆ. ಮರದ ಕೆಳಗೆ ಎಲ್ಲರೂ ಬಾಗಿ ನಿಂತಿದ್ದರು, ಬೇರೆ ಮೇಜುಗಳ ಹುಡುಗರೂ ಬಂದು ಸುತ್ತುವರಿದಿದ್ದರು. ಅವಳು ಸುಜಯೀಂದ್ರರ ಮರಳನ್ನು ಬೆರಳ ತುದಿಯಿಂದ ಹರಡಿದಳು. ಹರಡುತ್ತಲೇ ಹೋದಳು. ಹರಿದಾಸರು ಉಸಿರು ಬಿಗಿಹಿಡಿದರು. ತಮಗೇ ಪರೀಕ್ಷೆಯಿದ್ದಾಗಲೂ ಅವರು ಹೀಗೆ ಉಸಿರು ಹಿಡಿದವರಲ್ಲ, ಬಹುಮಟ್ಟಿಗೆ ಬೇರೆ ಪರೀಕ್ಷೆಯ ಕೊಠಡಿಯಲ್ಲಿ ಕೂತಿರುತ್ತಿದ್ದರು.

"ಇದೆ!" ಕೂದಲಿಗಿಂತ ಸಣ್ಣದೊಂದು ಬೇರಿನ ತುದಿ. "ಮರಳೊಳಗೆ ಬೇರಿನ ತುದಿ ಇದೆ. ಬೇರು ಕೆಳಗೇ ಇಳಿಯೋದು, ಮೇಲೆ ಹತ್ತಲ್ಲ. ಅಜಿತ್ ಅಂಕಲ್ ಎರಡನೇದು. ಮಾಮ ಮೂರನೇದು."

ಕೊನೆಯದನ್ನು ಅವಳು ಕೇಳಲೂ ಇಲ್ಲ. ಸಾಕಮ್ಮನೇ ಹೇಳಿದಳು. "ನಂದು ಅಂಗುಳಕ್ಕೆ ಅಂಟ್ಕತ್ತಿತ್ತು ಕನವ್ವ, ರಾಗಿ ಅಂಬಲಿ ತಳ ಹಿಡಿದಂಗೆ. ನಡುನಡುವೆ ಕರಕ್ ಅನ್ನದು. ಅದ್ಕೇ ಕೂಸು ಉಗಿದಿದ್ದು."

ತೃಪ್ತಿ ಆ ಮಣ್ಣನ್ನು ನೆನೆಸಿ ಹೊಸೆದಳು. ಅದು ದಾರದ ಹಾಗೆ ಉದ್ದವಾಯಿತು, ಬಳೆಯ ಹಾಗೆ ಬಾಗಿತು, ಮುರಿಯಲಿಲ್ಲ. ಒದ್ದೆಯಾದಂತೆ ಬೂದಿಬಣ್ಣ ಹೋಗಿ ಮಳೆಮೋಡದ ನೀಲಿ ಬಂತು. ಅದರೊಳಗಿಂದ ಉಗುರಿನಲ್ಲಿ ಒಂದು ಚಿಪ್ಪು ಬಿಡಿಸಿದಳು. ಸಾಸಿವೆಗಿಂತ ತುಸು ದೊಡ್ಡದು, ಸುರುಳಿ ಸುರುಳಿ, ಬೆಳ್ಳಗೆ.

"ಉಪ್ಪುನೀರಿನ ಚಿಪ್ಪು," ಎಂದಳು ಮೆಲ್ಲಗೆ. "ಎಲ್ಲಕ್ಕಿಂತ ಕೆಳಗಿನದು."

ಪ್ರೊಫೆಸರ್ ಮಧುರಾ ನಾಲ್ಕು ರಾಶಿಗಳನ್ನೂ ಒಂದೊಂದಾಗಿ ನೋಡಿದರು. "ಕ್ರಮ ಸರಿಯಾಗಿದೆ," ಎಂದರು. ಹುಡುಗರು ಕೇಕೆ ಹಾಕಿದರು. ಪ್ರೊಫೆಸರು ಆ ಚಿಪ್ಪನ್ನು ಅಂಗೈಗೆ ತೆಗೆದುಕೊಂಡು, ಪಂಚೆ, ಟೈ, ಸೆರಗು ಎಲ್ಲದರ ಕಡೆ ತಿರುಗಿದರು. "ಇದು ಬದುಕಿದ್ದಾಗ ಅಲ್ಲಿ ಜೌಗೂ ಇರಲಿಲ್ಲ. ಸಮುದ್ರ ಒಳಗೆ ಬಂದು ನಿಂತಿತ್ತು. ಸಾವಿರಾರು ವರ್ಷದ ಹಿಂದೆ. ಈ ಊರಿಗೆ ಚೆನ್ನೈ ಅಂತಲೂ ಮದರಾಸು ಅಂತಲೂ ಹೆಸರಿಡುವವರು ಇನ್ನೂ ಹುಟ್ಟಿರಲಿಲ್ಲ. ಸಮುದ್ರ ಹಿಂದೆ ಹೋಯಿತು, ಮರಳು ಬಂತು, ಜೊಂಡು ಬೆಳೆಯಿತು, ಕೊನೆಗೆ ನಾವು ಬಂದು ಹಾಲಿನ ಪ್ಯಾಕೆಟ್ಟು ಎಸೆದೆವು. ಈ ಹುಡುಗಿ ಅಷ್ಟನ್ನೂ ತನ್ನ ಕೈಯಾರೆ ಮೇಲೆತ್ತಿದ್ದಾಳೆ."

ಮರದಿಂದ ಒಂದು ಎಲೆ ಬಿತ್ತು. ಸತ್ಯಾತ್ಮರು ಬಾಯಿ ಮೇಲಿನ ಶಲ್ಯ ಸರಿಸಿ ಕೇಳಿದರು. "ಹಾಗಾದರೆ ಇವುಗಳಲ್ಲಿ ಹಿರಿಯದು... ಯಾವುದು?"

"ಕೊನೇದು ಸರ್. ಈ ಅಜ್ಜಿ ತಂದದ್ದು."

ಸತ್ಯಾತ್ಮರು ಬೆಳ್ಳಿ ಭರಣಿಯನ್ನು ನೋಡಿದರು, ಅದರ ಪಕ್ಕದ ನೀಲಿ ಎಳೆಯನ್ನು ನೋಡಿದರು. ಆಮೇಲೆ ಎಂಬತ್ತು ವರ್ಷಗಳಲ್ಲಿ ಯಾವ ಪಂಕ್ತಿಯಲ್ಲೂ ಮಾಡದ ಕೆಲಸ ಮಾಡಿದರು. ಸಾಲಿನ ತಲೆಯಿಂದ ಸರಿದು ಬಂದು, ಸಾಲಿನ ಕೊನೆಯಲ್ಲಿ, ಸಾಕಮ್ಮನ ಹಿಂದೆ ನಿಂತರು.

"ಸ್ವಲ್ಪ ಸರೀರಿ ಅಮ್ಮಾ," ಎಂದರು. "ನಾನೂ ನೋಡ್ತೀನಿ."

"ಮೊದ್ಲು ನೀವೇ ನೋಡಿ ಬುದ್ಧೀ," ಎಂದಳು ಸಾಕಮ್ಮ.

"ಬೇಡ," ಎಂದರು ಸತ್ಯಾತ್ಮ. "ಮೊದಲು ಅನ್ನೋ ಮಾತೇ ಬೇಡ ಇವತ್ತು."

ಪ್ರೊಫೆಸರು ತಮ್ಮ ಹಾಳೆಯಲ್ಲಿ ಏನೋ ಬರೆಯುತ್ತ ನಿಂತರು. "ಒಂದು ವಿಷಯ, ತೃಪ್ತಿ. ತೆಗೆದ ಮಣ್ಣಿಗೂ ಇಲ್ಲಿರುವುದಕ್ಕೂ ತೂಕ ತಾಳೆಯಾಗೋಲ್ಲ. ಉಳಿದದ್ದು ಎಲ್ಲಿ ಹೋಯಿತು ಅಂತ ಬರೆಯಲಿ?"

ತೃಪ್ತಿ ನಾಲ್ಕು ಹೊಟ್ಟೆಗಳನ್ನೂ ನೋಡಿ, ಅಪ್ಪನದನ್ನೂ ನೋಡಿದಳು. "ಭಕ್ತರು ಸೇವಿಸಿದರು ಅಂತ ಬರೀರಿ ಮೇಡಂ."

ಚಿಪ್ಪು ಕೈಯಿಂದ ಕೈಗೆ ಹೋಯಿತು. ಅಜಿತ್ ಟೈ ಸರಿಮಾಡಿಕೊಂಡು ನೋಡಿದ. ಸುಜಯೀಂದ್ರರು ಫೋಟೋ ತೆಗೆದರು, ಆದರೆ ಆಶ್ಚರ್ಯ, ಯಾರಿಗೂ ಕಳಿಸಲಿಲ್ಲ. ಕಡೆಗೆ ತೃಪ್ತಿ ಅದನ್ನು ಹುಷಾರಾಗಿ ಅಪ್ಪನ ಬಲ ಅಂಗೈಯಲ್ಲಿಟ್ಟಳು.

ಹರಿದಾಸರು ನೋಡಿದರು. ಇಷ್ಟೇ ಇಷ್ಟು. ಇದರ ಸುತ್ತ ಒಂದು ಸಮುದ್ರ ಇತ್ತು. ಆ ಸಮುದ್ರದ ತಳಕ್ಕೆ ಕೈಹಾಕಿ ಇದನ್ನು ತಂದವಳು ಇಲ್ಲಿ ಪಕ್ಕದಲ್ಲಿ ನಿಂತಿದ್ದಾಳೆ, ಉಗುರಲ್ಲಿ ಇನ್ನೂ ನೀಲಿ ಜೇಡಿಯಿದೆ. "ಜೆಸಿಬಿಯವನ ಮಾತಾಡಿದೆನಲ್ಲ, ಅದನ್ನ ವಾಪಸ್ ತಗೋತೀನಮ್ಮಾ," ಅನ್ನಬೇಕೆಂದುಕೊಂಡರು. ಮಾತು ಬರದಿದ್ದಾಗ ಕೈಗಾದರೂ ತಿಳಿದ ಮರ್ಯಾದೆಯೊಂದಿತ್ತು. ಅಂಗೈಯನ್ನು ಮೆಲ್ಲಗೆ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಈ ಸಲ ಅಭ್ಯಾಸ ಮಾಡಿ ಮುಚ್ಚಿದ್ದಲ್ಲ.

ಆಮೇಲೆ, ಅಜ್ಜಂದಿರ ಕಾಲದಿಂದ ಆ ಕೈ ನಡೆದ ದಾರಿಯಲ್ಲೇ, ಕಣ್ಣಿನಿಂದ ಇಳಿದು ಮೂಗನ್ನು ದಾಟಿ, ತಾನಾಗಿ ಬಾಯಿಯ ಕಡೆಗೆ ಹೊರಟಿತು.

"ಅಪ್ಪಾ!" ಎಂದು ತೃಪ್ತಿ ಮಣಿಕಟ್ಟು ಹಿಡಿದಳು. "ಹರೀ!" ಎಂದು ಸತ್ಯಾತ್ಮರು ಮೊಣಕೈ ಹಿಡಿದರು. ಸುಜಯೀಂದ್ರ ಭಾವ ತೋಳು ಹಿಡಿದರು, ಮ್ಯಾನೇಜರು ಹೆಗಲು ಹಿಡಿದ, ಸಾಕಮ್ಮ ಸೀದಾ ಬಾಯಿಗೇ ಕೈ ಅಡ್ಡ ಇಟ್ಟಳು. ಯಾರು ಮೊದಲು ಹಿಡಿದರೆಂದು ಆ ದಿನ ಯಾರೂ ಜಗಳವಾಡಲಿಲ್ಲ.